ನಿಜ ಹೇಳಿ ಮಾರಿದರೂ ಲಾಭ ಉಳಿಯಬೇಕಾದರೆ

ಪ್ರಶ್ನೆ: ಮರದ ಪೀಠೋಪಕರಣ ಮಾಡಿ ಮಾರುವ ಸಣ್ಣ ಕಾರ್ಖಾನೆ ನನ್ನದು. ಆರು ಮಂದಿ ಕೆಲಸಗಾರರಿದ್ದಾರೆ. ಪಾರ್ಟಿಕಲ್ ಬೋರ್ಡಿನ (ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ) ಮೇಲೆ ವೆನೀರ್ (ತೆಳುವಾದ ಮರದ ಹಾಳೆ) ಅಂಟಿಸಿ ‘ಗಟ್ಟಿಮರ’ ಎಂದು ಮಾರುವವರು ನನಗಿಂತ ಶೇ 20ರಷ್ಟು ಕಡಿಮೆ ದರ ಹೇಳುತ್ತಾರೆ. ಗಿರಾಕಿಗಳು ಆ ದರ ತೋರಿಸಿ ಚೌಕಾಸಿ ಮಾಡುತ್ತಾರೆ. ಬಿಲ್ ಇಲ್ಲದೆ ಮಾರು, ಗಿರಾಕಿ ಕಳಿಸುವ ವಿನ್ಯಾಸಕಾರರಿಗೆ ಒಳಗೊಳಗೇ ಕಮಿಷನ್ ಕೊಡು ಎಂದು ಹಿತೈಷಿಗಳು ಹೇಳುತ್ತಿದ್ದಾರೆ. ಕೆಲಸ ಕೈತುಂಬ ಇದೆ, ತಿಂಗಳ ಕೊನೆಗೆ ಮಾತ್ರ ಕೈ ಖಾಲಿ. ಸುಳ್ಳು ಹೇಳದೆ ಲಾಭ ಮಾಡಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸಾಧ್ಯ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ, ಮೊದಲು ಅವನ್ನು ಬಿಡಿಸಿ ನೋಡಬೇಕು. ಸುಳ್ಳು ಹೇಳಿ ಮಾರುವವರಿಂದ ನಿಮಗೆ ಆಗಬಹುದಾದ ಹಾನಿ ಎಂದರೆ ಆರ್ಡರ್ ಕೈತಪ್ಪುವುದು. ನಿಮಗೆ ಆರ್ಡರಿನ ಕೊರತೆ ಇಲ್ಲ. ಕೆಲಸ ತುಂಬಿದ್ದೂ ದುಡ್ಡು ಉಳಿಯದಿದ್ದರೆ ಎರಡೇ ಕಾರಣ: ನಿಮ್ಮ ಬೆಲೆ ನಿಮ್ಮ ಅಸಲಿಗಿಂತ ಕೆಳಗಿದೆ, ಇಲ್ಲವೇ ದುಡ್ಡು ಬರುವುದಕ್ಕಿಂತ ಮೊದಲೇ ಹೋಗುತ್ತಿದೆ. ಪ್ರಾಮಾಣಿಕರ ವ್ಯಾಪಾರ ಮುಳುಗುವುದು ಬಹುಪಾಲು ಇಲ್ಲೇ. ಮೋಸದ ಮಾಲಿನ ಬೆಲೆ ನೋಡಿಕೊಂಡು ತಮ್ಮ ನಿಜವಾದ ಮಾಲಿಗೆ ಬೆಲೆ ಕಟ್ಟುತ್ತಾರೆ. ನಷ್ಟ ಕಂಡಾಗ ಪ್ರಾಮಾಣಿಕತೆಯೇ ದುಬಾರಿಯಾಯಿತು ಎಂದುಕೊಳ್ಳುತ್ತಾರೆ. ಆಮೇಲೆ ಒಂದೊಂದೇ ಕಡೆ ರಾಜಿ ಶುರುವಾಗುತ್ತದೆ. ಆದ್ದರಿಂದ ಶುರು ಮಾಡಬೇಕಾದ್ದು ನಿಮ್ಮದೇ ಲೆಕ್ಕದ ಪುಸ್ತಕದಿಂದ.

ಅಸಲು ಎಷ್ಟು ಎಂಬುದು

ಒಂದು ಬೀರುವಿನ ಲೆಕ್ಕ ನೋಡೋಣ. ಹಣದ ಹೆಸರು ಯಾವುದಾದರೂ ಇರಲಿ, ಅಂಕಿಗಳ ಸಂಬಂಧವಷ್ಟೇ ನಮಗೆ ಮುಖ್ಯ. ತಯಾರಾದ ಬೀರುವಿನಲ್ಲಿ ಉಳಿದುಕೊಳ್ಳುವ ಮರದ ಬೆಲೆ 7,000. ಕೊಯ್ದು, ಹತ್ತರಿ ಹೊಡೆದು, ಗಂಟು ಬಿರುಕುಗಳನ್ನು ತೆಗೆದ ಮೇಲೆ ಕೊಂಡ ಮರದಲ್ಲಿ ಶೇ 30 ಹಾಳಾಗುತ್ತದೆ ಎಂದಿಟ್ಟುಕೊಳ್ಳಿ. ಹೆಚ್ಚಿನವರು 7,000ಕ್ಕೆ ಶೇ 30 ಸೇರಿಸಿ 9,100 ಎಂದು ಬರೆಯುತ್ತಾರೆ. ಅದು ತಪ್ಪು. ಹಾಳಾಗುವುದು ಕೊಂಡ ಮರದ ಶೇ 30, ಉಳಿದ ಮರದ್ದಲ್ಲ. 7,000ವನ್ನು 0.7ರಿಂದ ಭಾಗಿಸಬೇಕು, 10,000 ಆಗುತ್ತದೆ. ಮೊದಲ ಸಾಲಿನಲ್ಲೇ 900 ಸೋರಿಹೋಯಿತು.

ಕೂಲಿಯಲ್ಲಿ ಇದಕ್ಕಿಂತ ದೊಡ್ಡ ಸೋರಿಕೆ ಇದೆ. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 26 ದಿನ, ಒಟ್ಟು 208 ಗಂಟೆಗೆ ಸಂಬಳ ಕೊಡುತ್ತೀರಿ. 20,800 ಸಂಬಳವಾದರೆ ಗಂಟೆಗೆ 100 ಎಂದು ಲೆಕ್ಕ ಹಾಕುತ್ತೀರಿ. ಆದರೆ ಅಷ್ಟೂ ಗಂಟೆ ಯಾರೂ ಮಾರುವ ಸಾಮಾನಿನ ಮೇಲೆ ಕೆಲಸ ಮಾಡುವುದಿಲ್ಲ. ಲೋಡ್ ಇಳಿಸುವುದು, ಗರಗಸದ ಬ್ಲೇಡ್ ಬದಲಿಸುವುದು, ಹಿಂಜ್ ಬರಲಿಲ್ಲ ಎಂದು ಕಾಯುವುದು, ಹಳೆಯ ಕೆಲಸ ಸರಿಪಡಿಸುವುದು, ಹುಷಾರಿಲ್ಲದ ದಿನ, ಇವೆಲ್ಲ ಕಳೆದರೆ ಶೇ 70 ಉಳಿಯಬಹುದು. ಅಂದರೆ 146 ಗಂಟೆ. ಆಗ ಒಂದು ಗಂಟೆಯ ನಿಜವಾದ ಕೂಲಿ 143. ಬೀರುವಿಗೆ 40 ಗಂಟೆ ಹಿಡಿದರೆ 4,000 ಅಲ್ಲ, 5,720.

ಇನ್ನು ಬಾಡಿಗೆ, ವಿದ್ಯುತ್, ಸಾಲದ ಬಡ್ಡಿ, ಯಂತ್ರಗಳ ಸವಕಳಿ, ವಿಮೆ, ಲೆಕ್ಕ ಬರೆಯುವವರ ಶುಲ್ಕ, ಜೊತೆಗೆ ನಿಮ್ಮದೇ ಸಂಬಳ. ಈ ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ‘ಲಾಭದಲ್ಲಿ ಬರುತ್ತದಲ್ಲ’ ಎನ್ನುತ್ತಾರೆ. ನಿಮ್ಮ ಜಾಗದಲ್ಲಿ ಬೇರೊಬ್ಬರನ್ನು ಕೂರಿಸಿದರೆ ಕೊಡಬೇಕಾದ ಸಂಬಳ ಖರ್ಚೇ ಹೊರತು ಲಾಭವಲ್ಲ. ಇವೆಲ್ಲ ಸೇರಿ ತಿಂಗಳಿಗೆ 88,000 ಎನ್ನೋಣ. ಆರು ಜನರ ದುಡಿಮೆಯ ಗಂಟೆ 876. ಗಂಟೆಗೆ ಸುಮಾರು 100ರಂತೆ ಬೀರುವಿನ ಪಾಲು 4,000.

ಹಿಂಜ್, ಬೀಗ, ಅಂಟು, ಮರಳು ಕಾಗದ, ಪಾಲಿಶ್ ಸೇರಿ 3,000, ಸಾಗಣೆ ಮತ್ತು ಜೋಡಣೆ 1,000. ಒಟ್ಟು ಅಸಲು 23,720. ಅಂದಾಜಿನಲ್ಲಿ ಬೆಲೆ ಕಟ್ಟುವವರ ಲೆಕ್ಕ ಇದರ ಪಕ್ಕದಲ್ಲಿಟ್ಟು ನೋಡಿ: ಮರ 9,100, ಕೂಲಿ 4,000, ಸಾಮಾನು 3,000, ಸಾಗಣೆ 1,000, ಒಟ್ಟು 17,100. ಅದರ ಮೇಲೆ ಶೇ 30 ‘ಲಾಭ’ ಇಟ್ಟು 22,230ಕ್ಕೆ ಮಾರುತ್ತಾರೆ. ಪುಸ್ತಕದಲ್ಲಿ 5,130 ಲಾಭ, ವಾಸ್ತವದಲ್ಲಿ ಪ್ರತಿ ಬೀರುವಿಗೆ 1,490 ನಷ್ಟ. ಕೈತುಂಬ ಆರ್ಡರ್ ಇದ್ದರೂ ಈ ನಷ್ಟ ತುಂಬುವುದಿಲ್ಲ. ಕೈತುಂಬ ಕೆಲಸ, ಖಾಲಿ ಕೈ ಎಂಬುದರ ಅರ್ಥ ಬಹುಶಃ ಇದೇ.

ಇಲ್ಲಿ ಇನ್ನೊಂದು ಗೊಂದಲ ಸಾಮಾನ್ಯ. ಅಸಲಿನ ಮೇಲೆ ಶೇ 30 ಇಟ್ಟರೆ ಮಾರಾಟದ ಬೆಲೆಯಲ್ಲಿ ಶೇ 30 ಉಳಿಯುವುದಿಲ್ಲ. 100ಕ್ಕೆ 30 ಸೇರಿಸಿ 130ಕ್ಕೆ ಮಾರಿದರೆ ಉಳಿಯುವುದು ಬೆಲೆಯ ಶೇ 23. ಬೆಲೆಯ ಶೇ 30 ಉಳಿಯಬೇಕಾದರೆ 100ವನ್ನು 0.7ರಿಂದ ಭಾಗಿಸಿ 143ಕ್ಕೆ ಮಾರಬೇಕು. ನಿಮ್ಮ ಬೀರುವಿನಲ್ಲಿ ಬೆಲೆಯ ಶೇ 15 ಲಾಭ, ಗ್ಯಾರಂಟಿಯ ಕೆಲಸಕ್ಕೆಂದು ಶೇ 2 ದುರಸ್ತಿ ನಿಧಿ ಬೇಕೆಂದರೆ 23,720ವನ್ನು 0.83ರಿಂದ ಭಾಗಿಸಿ. 28,600ರ ಹತ್ತಿರ ಬರುತ್ತದೆ.

ಇಷ್ಟು ದೊಡ್ಡ ಬೆಲೆ ನೋಡಿ ಗಾಬರಿಯಾಗಬೇಡಿ, ಅದನ್ನು ಹಾಗೇ ಗಿರಾಕಿಯ ಮುಂದೆ ಇಡಲೂ ಬೇಡಿ. ನಿಮ್ಮ ಅಸ್ತವ್ಯಸ್ತತೆಯ ಖರ್ಚನ್ನು ಗಿರಾಕಿಯಿಂದ ವಸೂಲಿ ಮಾಡುವುದು ಪ್ರಾಮಾಣಿಕತೆಯ ಭಾಗವಲ್ಲ. ನಾಲ್ಕು ವಾರ ಗೋಡೆಗೆ ಒಂದು ಹಾಳೆ ಹಾಕಿ, ಪ್ರತಿಯೊಬ್ಬರೂ ಯಾವ ಆರ್ಡರಿಗೆ ಎಷ್ಟು ಗಂಟೆ, ಕಾದದ್ದು ಎಷ್ಟು, ಯಾಕೆ ಎಂದು ದಿನ ಮುಗಿಯುವ ಮೊದಲು ಬರೆಯಲಿ. ಇದು ಅವರ ಮೇಲಿನ ಕಾವಲಲ್ಲ ಎಂದು ಮೊದಲೇ ಹೇಳಿ. ಕಾಯುವಿಕೆಗೆ ಮಾಲೀಕರೇ ಕಾರಣವಾಗಿರುವುದು ಹೆಚ್ಚು: ಸಾಮಾನು ಪೂರ್ತಿ ಬರುವ ಮೊದಲೇ ಕೆಲಸ ಶುರು ಮಾಡಿಸುವುದು, ಗಿರಾಕಿ ಅಳತೆ ಅಂತಿಮಗೊಳಿಸುವ ಮೊದಲೇ ಮರ ಕೊಯ್ಯಿಸುವುದು. ಎಲ್ಲ ಹಿಂಜ್, ಚಾನೆಲ್, ಹಿಡಿಕೆ ಒಂದು ಪೆಟ್ಟಿಗೆಗೆ ಬಿದ್ದ ಮೇಲಷ್ಟೇ ಆ ಆರ್ಡರ್ ಮುಟ್ಟುವುದು ಎಂಬ ಒಂದೇ ನಿಯಮದಿಂದ ಬಹಳಷ್ಟು ಗಂಟೆ ಉಳಿಯುತ್ತದೆ. ಹಾಗೆಯೇ ಮರ ಕೊಳ್ಳುವ ಮೊದಲು ಕೊಯ್ಯಬೇಕಾದ ಅಳತೆಗಳ ಪಟ್ಟಿ ಬರೆದು, ಸಿಗುವ ಹಲಗೆಗಳ ಉದ್ದಕ್ಕೆ ತುಂಡುಗಳನ್ನು ಹೊಂದಿಸಿ. ಉದ್ದನೆಯವು ಮೊದಲು, ಮಿಕ್ಕ ಗಿಡ್ಡ ತುಂಡುಗಳು ಡ್ರಾಯರ್ ಪಕ್ಕಗಳಿಗೆ. ಎಲ್ಲ ಬೀರುಗಳಿಗೂ ಎರಡೋ ಮೂರೋ ಅಗಲಗಳನ್ನಷ್ಟೇ ಇಟ್ಟುಕೊಳ್ಳಿ.

ದುಡಿಮೆಯ ಗಂಟೆ ಶೇ 70ರಿಂದ 80ಕ್ಕೆ ಏರಿ, ಮರದ ನಷ್ಟ ಶೇ 30ರಿಂದ 22ಕ್ಕೆ ಇಳಿದರೆ ಅದೇ ಬೀರುವಿನ ಅಸಲು 21,500 ಆಗುತ್ತದೆ, ಬೆಲೆ 25,900. ಒಂದೇ ಒಂದು ಸುಳ್ಳಿಲ್ಲದೆ 2,700 ಇಳಿಯಿತು. ಪಕ್ಕದವರು ಪಾರ್ಟಿಕಲ್ ಬೋರ್ಡ್ ಇಟ್ಟು ಉಳಿಸುವುದರ ಒಂದು ಭಾಗ ನಿಮ್ಮದೇ ಕಾರ್ಖಾನೆಯ ನೆಲದ ಮೇಲೆ ಬಿದ್ದಿರುತ್ತದೆ.

ರಿಯಾಯಿತಿ ಕೇಳಿದಾಗ

ಬೆಲೆಯಲ್ಲಿ ನೇರ ಖರ್ಚು (ಮರ, ಸಾಮಾನು, ಕೂಲಿ, ಸಾಗಣೆ) ಕಳೆದು ಶೇ 30 ಉಳಿಯುವ ವ್ಯಾಪಾರದಲ್ಲಿ ಶೇ 10 ರಿಯಾಯಿತಿ ಕೊಟ್ಟರೆ, ಮೊದಲಿನಷ್ಟೇ ದುಡ್ಡು ಉಳಿಯಲು ಮಾರಾಟ ಒಂದೂವರೆ ಪಟ್ಟಾಗಬೇಕು. ಶೇ 5 ಕೊಟ್ಟರೂ ಶೇ 20 ಹೆಚ್ಚು ಮಾರಬೇಕು. ಅದೇ ವ್ಯಾಪಾರದಲ್ಲಿ ಬೆಲೆ ಶೇ 10 ಏರಿಸಿದರೆ ಕಾಲು ಭಾಗ ಮಾರಾಟ ಕಡಿಮೆಯಾದರೂ ಉಳಿಯುವ ಮೊತ್ತ ಅಷ್ಟೇ. ಈ ಮೂರು ಅಂಕಿಗಳು ಬಾಯಿಪಾಠವಾಗಿದ್ದರೆ ಚೌಕಾಸಿಯ ಎದುರು ನಿಲ್ಲುವುದು ಸುಲಭ.

ನಿಯಮ ಹೀಗಿರಲಿ: ಬೆಲೆ ಇಳಿದರೆ ಮಾಲಿನಲ್ಲೂ ಏನಾದರೂ ಇಳಿಯಬೇಕು, ಇಳಿದದ್ದು ಕೊಟೇಶನ್ ಮೇಲೆ ಬರಹದಲ್ಲಿ ಇರಬೇಕು. ಹಿಂಬದಿಗೆ ಗಟ್ಟಿಮರದ ಬದಲು 6 ಮಿ.ಮೀ. ಪ್ಲೈವುಡ್, ನಾಲ್ಕು ಡ್ರಾಯರ್ ಬದಲು ಎರಡು, ಹೀಗೆ. ಏನೂ ತೆಗೆಯದೆ ಬೆಲೆ ಇಳಿಸಿದರೆ ನೀವು ಮೊದಲು ಹೇಳಿದ ಬೆಲೆ ಸುಳ್ಳೆಂದು ಗಿರಾಕಿ ತಿಳಿಯುತ್ತಾನೆ, ಮುಂದೆ ನಿಮ್ಮ ಯಾವ ಮಾತನ್ನೂ ಅರ್ಧಕ್ಕಿಂತ ಹೆಚ್ಚು ನಂಬುವುದಿಲ್ಲ. ಜೋರಾಗಿ ಚೌಕಾಸಿ ಮಾಡಿದವನಿಗೆ ಕಡಿಮೆ, ಮೆತ್ತಗೆ ಕೇಳಿದವನಿಗೆ ಹೆಚ್ಚು ಎಂಬುದು ನಿಮ್ಮನ್ನು ನಂಬಿದವನಿಗೇ ದಂಡ ಹಾಕಿದಂತೆ.

1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಊರಿನಲ್ಲಿ ನೇಕಾರರೂ ಇತರ ಕಸುಬಿನವರೂ ಸೇರಿ ತೆರೆದ ಸಹಕಾರಿ ಅಂಗಡಿಯ ಕ್ರಮ ಇಲ್ಲಿ ನೆನೆಯತಕ್ಕದ್ದು. ಕಲಬೆರಕೆ, ಕಳ್ಳ ತೂಕ ಹೇರಳವಾಗಿದ್ದ ಕಾಲ ಅದು. ಅವರು ಶುದ್ಧ ಮಾಲನ್ನು ಪೂರ್ತಿ ತೂಕಕ್ಕೆ ಮಾರಿದರು. ಆದರೆ ಬೆಲೆ ಇಳಿಸಿ ಪೈಪೋಟಿ ಮಾಡಲಿಲ್ಲ. ಮಾರುಕಟ್ಟೆಯ ದರಕ್ಕೇ ಮಾರಿ, ಉದ್ರಿ ಕೊಡದೆ, ಉಳಿದದ್ದನ್ನು ಸದಸ್ಯರಿಗೆ ಅವರವರ ಖರೀದಿಯ ಪ್ರಮಾಣದಲ್ಲಿ ಹಂಚಿದರು. ಒಳ್ಳೆಯ ಮಾಲನ್ನು ಅಗ್ಗಕ್ಕೂ ಕೊಟ್ಟು ಉದ್ರಿಯನ್ನೂ ಕೊಡುತ್ತೇವೆ ಎಂಬ ಒಳ್ಳೆಯತನವನ್ನು ಅವರು ಮೊದಲೇ ಬದಿಗಿಟ್ಟರು. ಆ ಅಂಗಡಿಯ ತತ್ತ್ವಗಳೇ ಮುಂದೆ ಜಗತ್ತಿನ ಸಹಕಾರಿ ಚಳವಳಿಗೆ ಮಾದರಿಯಾದವು.

ಸುಳ್ಳು ಯಾಕೆ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟು ಇದನ್ನು ವಿವರಿಸಿದರು. 2001ರ ನೊಬೆಲ್ ಗೌರವವನ್ನು ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಕೊಳ್ಳುವವನಿಗೆ ಒಳ್ಳೆಯ ಮಾಲೂ ಕೆಟ್ಟ ಮಾಲೂ ನೋಡಲು ಒಂದೇ ಥರ ಕಂಡರೆ, ಅವನು ಎರಡರ ನಡುವಿನ ಬೆಲೆ ಕೊಡಲು ಮಾತ್ರ ಸಿದ್ಧನಾಗುತ್ತಾನೆ. ಆ ಬೆಲೆ ಕೆಟ್ಟ ಮಾಲಿನವನಿಗೆ ಲಾಭ, ಒಳ್ಳೆಯ ಮಾಲಿನವನಿಗೆ ನಷ್ಟ. ಒಳ್ಳೆಯವನು ಅಂಗಡಿ ಮುಚ್ಚುತ್ತಾನೆ, ಮಾರುಕಟ್ಟೆಯ ಸರಾಸರಿ ಇನ್ನೂ ಕೆಡುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಒಳ್ಳೆಯ ಮಾಲು ಮಾಡಿದರಷ್ಟೇ ಸಾಲದು, ಕೊಳ್ಳುವವನ ಕಣ್ಣಿಗೆ ವ್ಯತ್ಯಾಸ ಬೀಳುವಂತೆ ಮಾಡಬೇಕು. ‘ನಮ್ಮದು ಅಸಲಿ’ ಎಂದು ಹೇಳುವುದರಿಂದ ಉಪಯೋಗವಿಲ್ಲ, ಅದನ್ನು ಸುಳ್ಳುಗಾರನೂ ಹೇಳುತ್ತಾನೆ. ಸುಳ್ಳುಗಾರ ಮಾಡಲಾಗದ್ದನ್ನು, ಅಥವಾ ಮಾಡಿದರೆ ಅವನಿಗೆ ಕೈಸುಡುವುದನ್ನು ನೀವು ಮಾಡಬೇಕು.

ನಿಮ್ಮ ಕಸುಬಿನಲ್ಲಿ ಅಂಥ ದಾರಿಗಳು ಬಹಳ ಇವೆ. ಬೀರುವಿನ ಬಾಗಿಲಿಗೆ ಹಾಕುವ ಬಟ್ಟಲು ಹಿಂಜಿಗೆ 35 ಮಿ.ಮೀ. ಅಗಲ, ಸುಮಾರು 12 ಮಿ.ಮೀ. ಆಳದ ಗುಂಡಿ ಕೊರೆದಿರುತ್ತಾರೆ. ಒಂದು ಹಿಂಜ್ ಬಿಚ್ಚಿದರೆ ಆ ಗುಂಡಿಯ ಗೋಡೆಯಲ್ಲಿ ಒಳಗಿನ ವಸ್ತು ಬರಿಗಣ್ಣಿಗೆ ಕಾಣುತ್ತದೆ: ಪಾರ್ಟಿಕಲ್ ಬೋರ್ಡಾದರೆ ಚಕ್ಕೆಗಳು, ಎಂಡಿಎಫ್ (ಮರದ ಸಣ್ಣ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಆದರೆ ಎಳೆಯೇ ಇಲ್ಲದ ನುಣುಪು ಹುಡಿ, ಪ್ಲೈವುಡ್ ಆದರೆ ಪದರಗಳು, ಗಟ್ಟಿಮರವಾದರೆ ನಾರು. ನಿಮ್ಮ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಇಟ್ಟು ಗಿರಾಕಿಯಿಂದಲೇ ಬಿಚ್ಚಿಸಿ. ಬೇರೆ ಕಡೆ ಕೊಂಡರೂ ಹೀಗೇ ನೋಡಿ ಕೊಳ್ಳಿ ಎನ್ನಿ. ಹಲಗೆಯ ತುದಿಯನ್ನೂ ತೋರಿಸಿ: ಗಟ್ಟಿಮರದಲ್ಲಿ ಮೇಲ್ಮೈಯ ಗೆರೆಗಳು ತುದಿಗೆ ಬಂದು ಮರದ ಬೆಳವಣಿಗೆಯ ಬಳೆಗಳಿಗೆ ಸೇರುತ್ತವೆ, ವೆನೀರಿನಲ್ಲಿ ಅಂಚಿನಲ್ಲೇ ನಿಂತುಬಿಡುತ್ತವೆ. ಪೈಪೋಟಿಯವರ ಹೆಸರು ಹಿಡಿದು ದೂರಬೇಡಿ. ಪರೀಕ್ಷೆ ಕಲಿಸಿದರೆ ಸಾಕು, ಮುಂದಿನದನ್ನು ಗಿರಾಕಿ ತಾನೇ ಮಾಡುತ್ತಾನೆ.

ತೇವಾಂಶ ಮಾಪಕ ಕೊಂಡಿಲ್ಲವಾದರೆ ಈ ವಾರವೇ ಕೊಳ್ಳಿ. ಸುಳ್ಳಿಲ್ಲದೆಯೂ ಗಿರಾಕಿಗೆ ಮೋಸವಾಗುವುದು ಹಸಿಮರದಿಂದ. ಮನೆಯೊಳಗಿನ ಪೀಠೋಪಕರಣಕ್ಕೆ ಮರದ ತೇವಾಂಶ ಸಾಮಾನ್ಯವಾಗಿ ಶೇ 8ರಿಂದ 12ರೊಳಗೆ ಇರಬೇಕು. ಹಲವು ಜಾತಿಯ ಮರಗಳಲ್ಲಿ ತೇವಾಂಶ ಶೇ 4 ಇಳಿದರೆ ಅಡ್ಡ ಅಗಲ, ಬಳೆಗಳ ದಿಕ್ಕಿನಲ್ಲಿ, ಸುಮಾರು ಶೇ 1 ಕುಗ್ಗುತ್ತದೆ. ಶೇ 18 ತೇವದಲ್ಲಿ ಮಾಡಿದ 400 ಮಿ.ಮೀ. ಅಗಲದ ಹಲಗೆ ಒಣ ಕೋಣೆಯಲ್ಲಿ ಶೇ 10ಕ್ಕೆ ಇಳಿದರೆ 8 ಮಿ.ಮೀ. ಕಡಿಮೆಯಾಗಿ, ಕೂಡಿಕೆ ಬಿಟ್ಟುಕೊಳ್ಳುತ್ತದೆ ಅಥವಾ ಹಲಗೆ ಸೀಳುತ್ತದೆ. ನೀವು ಗಟ್ಟಿಮರವನ್ನೇ ಕೊಟ್ಟಿದ್ದರೂ ಗಿರಾಕಿಗೆ ಸಿಕ್ಕಿದ್ದು ಹಾಳು ಬೀರು. ಪ್ರತಿ ಆರ್ಡರಿನ ಚೀಟಿಯಲ್ಲಿ ಮರ ಕೊಯ್ಯುವ ದಿನದ ತೇವಾಂಶ ಬರೆದು, ಅದರ ಪ್ರತಿಯನ್ನು ಬಿಲ್ಲಿಗೆ ಪಿನ್ ಮಾಡಿ. ಪ್ಲೈವುಡ್ ಬಂದಾಗ ದಪ್ಪವನ್ನು ಕ್ಯಾಲಿಪರಿನಲ್ಲಿ ನಾಲ್ಕು ಮೂಲೆಯಲ್ಲೂ ಅಳೆಯಿರಿ. 18 ಎಂದು ಬರೆದದ್ದು 16.5 ಇದ್ದರೆ ಆ ಮೋಸ ನಿಮ್ಮ ಹೆಸರಿನಲ್ಲಿ ಗಿರಾಕಿಯ ಮನೆ ಸೇರುತ್ತದೆ. ನೀರು ತಾಗುವ ಜಾಗಕ್ಕೆ ಹಾಕುವ ಹಾಳೆಯ ಒಂದು ತುಂಡನ್ನು ನೀರಿನಲ್ಲಿ ಕುದಿಸಿ ನೋಡಿ. ಉತ್ತಮ ಜಲನಿರೋಧಕ ದರ್ಜೆಗೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬ ಪರೀಕ್ಷೆಯೇ ಇದೆ. ಕೆಲವೇ ಗಂಟೆಗೆ ಬಾಯಿಬಿಟ್ಟರೆ ಅಷ್ಟು ಹೊತ್ತು ಕಾಯುವ ಅಗತ್ಯವೂ ಇಲ್ಲ, ಲೋಡ್ ವಾಪಸ್ ಕಳಿಸಬಹುದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬೋರ್ಡಿನ ಮೇಲೆ ವೆನೀರ್ ಅಂಟಿಸುವುದು ಮೋಸವಲ್ಲ. ಅಗಲವಾದ ಬಾಗಿಲಿಗೆ ಒಳ್ಳೆಯ ಪ್ಲೈವುಡ್ಡಿನ ಮೇಲಿನ ವೆನೀರ್ ಗಟ್ಟಿಮರಕ್ಕಿಂತ ಕಡಿಮೆ ಬಾಗುತ್ತದೆ. ಮೋಸ ಇರುವುದು ಅದಕ್ಕೆ ಇಡುವ ಹೆಸರಿನಲ್ಲಿ. ಆದ್ದರಿಂದ ನೀವೂ ಎರಡನೆಯ ಸಾಲಿನ ಮಾಲು ಮಾಡಿ: ‘ಪ್ಲೈವುಡ್ ಮೇಲೆ ವೆನೀರ್, ಚೌಕಟ್ಟು ಮಾತ್ರ ಗಟ್ಟಿಮರ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಕಡಿಮೆ ಬೆಲೆಗೆ ಇಡಿ. ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ. ಅಗ್ಗದ್ದು ಬೇಕೆಂದು ಬಂದವನಿಗೆ ಅಗ್ಗದ್ದೇ ನಿಜವಾದ ಹೆಸರಿನಲ್ಲಿ ಸಿಗುತ್ತದೆ, ಬೇರೆ ಅಂಗಡಿಯ ಶೇ 20 ಕಡಿಮೆ ದರಕ್ಕೆ ಕಾರಣವೇನೆಂದು ಎಲ್ಲರಿಗೂ ತಾನಾಗಿ ಹೊಳೆಯುತ್ತದೆ. ಗ್ಯಾರಂಟಿಯನ್ನೂ ಎರಡಕ್ಕೂ ಬೇರೆ ಬೇರೆ ಬರೆಯಿರಿ. ಯಾವ ಭಾಗ, ಎಷ್ಟು ವರ್ಷ, ಏನಾದರೆ ಇಲ್ಲ ಎಂಬುದು ಐದು ಸಾಲಿನಲ್ಲಿ ಮುಗಿಯಬೇಕು. ಆಗಲೇ ಹೇಳಿದ ಶೇ 2 ದುರಸ್ತಿ ನಿಧಿ ಇದಕ್ಕಾಗಿಯೇ. ಆರು ತಿಂಗಳಲ್ಲಿ ಅದು ಸಾಲದೆ ಹೋದರೆ ನಿಧಿ ಹೆಚ್ಚಿಸುವ ಮೊದಲು ದೂರುಗಳ ಕಾರಣ ಎಣಿಸಿ. ಸಾಮಾನ್ಯವಾಗಿ ಒಂದೆರಡು ಕಾರಣಗಳೇ ಮತ್ತೆ ಮತ್ತೆ ಬರುತ್ತಿರುತ್ತವೆ.

ಮುಂಗಡದ ಹಣ

ಒಳ್ಳೆಯವರನ್ನು ಮೋಸಗಾರರ ಸಾಲಿಗೆ ತಳ್ಳುವುದರಲ್ಲಿ ಮುಂಗಡಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಹೊಸ ಗಿರಾಕಿ ಕೊಟ್ಟ ಮುಂಗಡದಲ್ಲಿ ಹಳೆಯ ಗಿರಾಕಿಯ ಮರ ಕೊಳ್ಳುತ್ತೀರಿ. ಅದನ್ನು ಮುಗಿಸಲು ಇನ್ನೊಬ್ಬರ ಮುಂಗಡ ಬೇಕಾಗುತ್ತದೆ. ಯಾರಿಗೂ ಮೋಸ ಮಾಡುವ ಉದ್ದೇಶವಿಲ್ಲ, ಆದರೆ ಒಂದು ತಿಂಗಳು ಆರ್ಡರ್ ಕಡಿಮೆಯಾದರೆ ಸಾಲಾಗಿ ಎಲ್ಲರಿಗೂ ಸುಳ್ಳು ಹೇಳಬೇಕಾಗುತ್ತದೆ: ಪಾಲಿಶ್ ಒಣಗುತ್ತಿದೆ, ಕೆಲಸಗಾರ ಊರಿಗೆ ಹೋಗಿದ್ದಾನೆ, ನಾಳೆ ಬರುತ್ತದೆ.

ಇದಕ್ಕೆ ಬೇರೆ ಬ್ಯಾಂಕ್ ಖಾತೆಯೇ ಮದ್ದು. ಮೇಲಿನ ಸುಧಾರಿತ ಲೆಕ್ಕದಲ್ಲಿ ಮರ ಮತ್ತು ಸಾಮಾನಿನ ಖರ್ಚು ಬೆಲೆಯ ಅರ್ಧಕ್ಕೆ ಸ್ವಲ್ಪ ಕಡಿಮೆ. ಆದ್ದರಿಂದ ಮುಂಗಡ ಶೇ 50 ಕೇಳಿ, ಸಾಮಾನು ಸಿದ್ಧವಾಗಿ ಗಿರಾಕಿ ನೋಡಿ ಒಪ್ಪಿದ ಮೇಲೆ, ಸಾಗಿಸುವ ಮೊದಲು ಶೇ 40, ಜೋಡಿಸಿದ ದಿನ ಶೇ 10. ಮುಂಗಡಗಳೆಲ್ಲ ಬೇರೆ ಖಾತೆಗೆ ಹೋಗಲಿ, ಆಯಾ ಆರ್ಡರಿನ ಸಾಮಗ್ರಿಗೆ ಮಾತ್ರ ಅಲ್ಲಿಂದ ತೆಗೆಯಿರಿ. ವಾರಕ್ಕೊಮ್ಮೆ ಒಂದು ಪರೀಕ್ಷೆ ಮಾಡಿ: ಮುಗಿಯದ ಆರ್ಡರುಗಳ ಒಟ್ಟು ಮುಂಗಡದಿಂದ ಅದೇ ಆರ್ಡರುಗಳಿಗೆ ಈವರೆಗೆ ಕೊಂಡ ಸಾಮಗ್ರಿ ಕಳೆಯಿರಿ. ಬರುವ ಮೊತ್ತ ಖಾತೆಯಲ್ಲಿರಬೇಕು. ಕಡಿಮೆ ಇದ್ದರೆ ಅಷ್ಟು ಹಣ ನೀವು ಇತರರಿಂದ ಕೇಳದೆ ಪಡೆದ ಸಾಲ. ಈಗಾಗಲೇ ಕೊರತೆ ಇದ್ದರೆ ಒಂದೇ ತಿಂಗಳಲ್ಲಿ ತುಂಬಲು ಹೋಗಬೇಡಿ. ಪ್ರತಿ ಮಾರಾಟದ ಕೊನೆಯ ಕಂತನ್ನು ಆ ಖಾತೆಗೆ ಹಾಕುತ್ತ ಹೋದರೆ ಕೆಲವು ತಿಂಗಳಲ್ಲಿ ಸಮವಾಗುತ್ತದೆ.

ಸಂಸ್ಥೆಗಳಿಗೆ ಉದ್ರಿ ಕೊಡುವುದಿದ್ದರೆ ಮೂರು ಅಂಕಿ ಸೇರಿಸಿ ನೋಡಿ. ಮರ ಬಂದು ಮಾರಾಟವಾಗುವವರೆಗೆ 30 ದಿನ, ಹಣ ಬರುವವರೆಗೆ 45 ದಿನ, ಮರದ ವ್ಯಾಪಾರಿ ನಿಮಗೆ ಕೊಟ್ಟ ಗಡುವು 20 ದಿನ. 75ರಲ್ಲಿ 20 ಕಳೆದರೆ 55. ಅಷ್ಟು ದಿನಗಳ ಖರ್ಚು ಯಾವಾಗಲೂ ನಿಮ್ಮ ಜೇಬಿನಿಂದ ಹೊರಗಿರುತ್ತದೆ. ವ್ಯಾಪಾರ ಇಮ್ಮಡಿಯಾದರೆ ಹೊರಗಿರುವ ಹಣವೂ ಇಮ್ಮಡಿ. ಲಾಭದಲ್ಲಿರುವ ವ್ಯಾಪಾರವೂ ಬೆಳೆಯುವಾಗಲೇ ನಿಂತುಹೋಗುವುದು ಇದರಿಂದ.

ಕೊಡುವ ದಿನದ ಬಗ್ಗೆಯೂ ಇದೇ ಶಿಸ್ತು ಬೇಕು. ಪ್ರಾಮಾಣಿಕರು ಅತಿ ಹೆಚ್ಚು ಹೇಳುವ ಸುಳ್ಳು ದಿನಾಂಕದ್ದು. ಗೋಡೆಯ ಹಾಳೆಯಿಂದ ವಾರಕ್ಕೆ ನಿಜವಾಗಿ ಎಷ್ಟು ಗಂಟೆ ದುಡಿಮೆ ಎಂದು ಗೊತ್ತಾಗುತ್ತದೆ. 200 ಎನ್ನೋಣ. ಕೈಯಲ್ಲಿರುವ ಆರ್ಡರುಗಳಿಗೆ 1,000 ಗಂಟೆ ಬೇಕಾದರೆ ಹೊಸ ಕೆಲಸ ಮುಟ್ಟುವುದೇ ಐದು ವಾರದ ನಂತರ. ಕೆಲಸಕ್ಕೆ, ಪಾಲಿಶ್ ಒಣಗುವುದಕ್ಕೆ ಇನ್ನೆರಡು. ಏಳು ವಾರ ಎಂದು ಹೇಳಿ. ನಾಲ್ಕು ಎಂದು ಹೇಳಿ ಹಿಡಿದ ಆರ್ಡರ್ ಉಳಿದ ಎಲ್ಲ ಆರ್ಡರುಗಳನ್ನೂ ತಡ ಮಾಡುತ್ತದೆ.

ಬಿಲ್ ಇಲ್ಲದ ಮಾರಾಟ, ಗುಟ್ಟಿನ ಕಮಿಷನ್

ಮೌಲ್ಯವರ್ಧಿತ ತೆರಿಗೆಯ ಪದ್ಧತಿ ಇರುವ ಕಡೆ, ಬಿಲ್ ಇಲ್ಲದೆ ಮಾರುವವನಿಗೆ ಪೂರ್ತಿ ತೆರಿಗೆ ಉಳಿಯುವುದಿಲ್ಲ. ತೆರಿಗೆ ಶೇ 15 ಎಂದಿಟ್ಟುಕೊಳ್ಳಿ. 100ರ ಮಾರಾಟಕ್ಕೆ ಅವನು 60ರ ಸಾಮಗ್ರಿಯನ್ನು 9 ತೆರಿಗೆ ಕೊಟ್ಟು ಕೊಂಡಿದ್ದಾನೆ. ಬಿಲ್ ಹಾಕಿ ಮಾರಿದವನು ಆ 9ನ್ನು ತನ್ನ 15ರಲ್ಲಿ ಕಳೆದು ಉಳಿದ 6 ಕಟ್ಟುತ್ತಾನೆ. ಬಿಲ್ ಇಲ್ಲದವನು 9ನ್ನು ಕಳೆಯಲಾರ. ಉಳಿಸಿದ್ದು 6 ಮಾತ್ರ. ಆ 6ಕ್ಕೆ ಪ್ರತಿಯಾಗಿ ಅವನು ಕಳೆದುಕೊಳ್ಳುವುದು ನೋಡಿ: ಮಾರಾಟ ಪುಸ್ತಕದಲ್ಲಿಲ್ಲದ ಕಾರಣ ಬ್ಯಾಂಕ್ ಸಾಲ ಸಿಗದು, ಹಣ ಕೊಡದ ಗಿರಾಕಿಯ ಮೇಲೆ ದಾವೆ ಹೂಡಲು ಕಾಗದವಿಲ್ಲ, ಲೆಕ್ಕವಿಲ್ಲದ ನಗದಿನಲ್ಲಿ ಯಾರು ಎಷ್ಟು ತೆಗೆದರೂ ಹಿಡಿಯಲಾಗದು, ಗುಟ್ಟು ತಿಳಿದ ಕೆಲಸಗಾರನನ್ನು ಬಿಡಿಸುವ ಧೈರ್ಯವಿಲ್ಲ. ಸಿಕ್ಕಿಬಿದ್ದ ದಿನದ ದಂಡ ಬೇರೆ.

ನೀವು ಕಚೇರಿ, ಹೋಟೆಲ್, ಶಾಲೆಗಳಂಥ ಗಿರಾಕಿಗಳ ಕಡೆ ತಿರುಗುವುದು ಇದಕ್ಕೆ ಒಳ್ಳೆಯ ಉತ್ತರ. ದೊಡ್ಡ ಸಂಸ್ಥೆಯ ಲೆಕ್ಕದಲ್ಲಿ ಬಿಲ್ ಇಲ್ಲದ ಖರೀದಿ ನಡೆಯುವುದಿಲ್ಲ, ತೆರಿಗೆ ಹಿಂಪಡೆಯಬಲ್ಲ ವ್ಯಾಪಾರಿ ಗಿರಾಕಿಗೆ ಬಿಲ್ ಇಲ್ಲದ್ದರಿಂದ ಲಾಭವೂ ಇಲ್ಲ. ಅಲ್ಲಿ ಬಿಲ್ ಇಲ್ಲದವನು ಪೈಪೋಟಿಗೇ ಬರಲಾರ.

ವಿನ್ಯಾಸಕಾರರ ಕಮಿಷನ್ ವಿಷಯ ಸ್ವಲ್ಪ ಸೂಕ್ಷ್ಮ. ಗಿರಾಕಿ ತಂದುಕೊಟ್ಟವರಿಗೆ ಹಣ ಕೊಡುವುದು ತಾನಾಗಿಯೇ ತಪ್ಪಲ್ಲ. ಗಿರಾಕಿಯ ಪರವಾಗಿ ಆರಿಸುತ್ತೇನೆ ಎಂದು ಅವನಿಂದಲೂ ಶುಲ್ಕ ಪಡೆದು, ನಿಮ್ಮಿಂದಲೂ ಗುಟ್ಟಾಗಿ ಪಡೆಯುವುದು ತಪ್ಪು. ಎಲ್ಲ ವಿನ್ಯಾಸಕಾರರಿಗೂ ಒಂದೇ ವ್ಯಾಪಾರಿ ರಿಯಾಯಿತಿ ಇಡಿ. ಬಿಲ್ಲಿನಲ್ಲಿ ಅದು ಬರಹದಲ್ಲಿರಲಿ. ಅದನ್ನು ಗಿರಾಕಿಗೆ ಬಿಟ್ಟುಕೊಡುವುದೋ ತಮ್ಮ ಶುಲ್ಕವಾಗಿ ತೋರಿಸಿ ಇಟ್ಟುಕೊಳ್ಳುವುದೋ ಅವರಿಗೇ ಬಿಡಿ. ಕೆಲವರು ದೂರ ಸರಿಯುತ್ತಾರೆ. ಉಳಿದವರು ನಿಮ್ಮ ಮಾಲು ನೋಡಿ ಬಂದವರು, ಬೇರೆಯವರು ಶೇ 2 ಹೆಚ್ಚು ಕೊಟ್ಟ ಮಾತ್ರಕ್ಕೆ ಹೋಗುವವರಲ್ಲ.

ನಿಮ್ಮಲ್ಲೇ ಮಾರುವವರಿಗೆ ಪ್ರೋತ್ಸಾಹಧನ ಕೊಡುವಾಗಲೂ ಎಚ್ಚರ. 1992ರಲ್ಲಿ ಅಮೆರಿಕದ ಸಿಯರ್ಸ್ ಸಂಸ್ಥೆಯ ವಾಹನ ದುರಸ್ತಿ ಕೇಂದ್ರಗಳು ಬೇಡದ ದುರಸ್ತಿ ಮಾರುತ್ತಿವೆ ಎಂಬ ಆರೋಪ ಬಂದಾಗ, ಮಾರಾಟಕ್ಕೆ ತಕ್ಕಂತೆ ಕೊಡುತ್ತಿದ್ದ ಕಮಿಷನ್ ಮತ್ತು ಗುರಿಗಳು ಮೂಲವೆಂದು ಕಂಡುಬಂತು. 2016ರಲ್ಲಿ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಗುರಿ ಮುಟ್ಟಲು ಗ್ರಾಹಕರಿಗೆ ತಿಳಿಯದಂತೆ ಖಾತೆ ತೆರೆದ ಪ್ರಕರಣದಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ಅಷ್ಟು ಜನ ಒಟ್ಟಿಗೆ ಕೆಟ್ಟವರಾಗಿರಲಿಲ್ಲ, ಸುಳ್ಳಿಗೆ ಸಂಬಳ ಕೊಡುವ ವ್ಯವಸ್ಥೆ ಇತ್ತು. ನಿಮ್ಮ ಮಾರಾಟಗಾರರಿಗೆ ಸಂಬಳದ ದೊಡ್ಡ ಪಾಲು ನಿಗದಿಯಾಗಿರಲಿ. ಪ್ರೋತ್ಸಾಹಧನವನ್ನು ಮಾರಾಟದ ಮೊತ್ತದ ಮೇಲಲ್ಲ, ಉಳಿದ ಲಾಭದ ಮೇಲೆ ಕೊಡಿ. ಹಣ ಪೂರ್ತಿ ಬಂದು 90 ದಿನ ದೂರಿಲ್ಲದೆ ಕಳೆದ ಮೇಲೆ ಕೊಡಿ. ಆಗ ‘ಪೂರ್ತಿ ಗಟ್ಟಿಮರ ಸಾರ್’ ಎಂದು ಬಾಯಿತಪ್ಪಿ ಹೇಳಿದ ಮಾತು ಅವರದೇ ಜೇಬಿಗೆ ಕತ್ತರಿ ಹಾಕುತ್ತದೆ.

ಬೆಲೆ ಏರಿಸುವ ಕ್ರಮ

ನಾಲ್ಕು ವಾರದ ಗಂಟೆ ಲೆಕ್ಕ ಕೈಗೆ ಬಂದ ಮೇಲೆ ನಿಮ್ಮ ಎಲ್ಲ ಮಾದರಿಗಳ ಅಸಲು ಹೊಸದಾಗಿ ಬರೆಯಿರಿ. ಕೆಲವು ಮಾದರಿಗಳಲ್ಲಿ ಈಗಿನ ಬೆಲೆಯೇ ಸರಿಯಿರುತ್ತದೆ, ಅವನ್ನು ಮುಟ್ಟಬೇಡಿ. ಕೆಲವನ್ನು ಎಷ್ಟು ಸುಧಾರಿಸಿದರೂ ಗಿರಾಕಿ ಕೊಡುವ ಬೆಲೆಗೆ ಮಾಡಲಾಗುವುದಿಲ್ಲ. ಅವನ್ನು ಪಟ್ಟಿಯಿಂದ ತೆಗೆದುಹಾಕಿ, ಎಷ್ಟೇ ಹೆಸರು ತಂದ ಮಾದರಿಯಾಗಿದ್ದರೂ. ಉಳಿದವಕ್ಕೆ ಹೊಸ ಬೆಲೆ ಜಾರಿಯಾಗುವ ದಿನಾಂಕವನ್ನು ಒಂದು ತಿಂಗಳು ಮೊದಲೇ ಅಂಗಡಿಯಲ್ಲಿ ಬರೆದು ಹಾಕಿ. ಮುಂಗಡ ಪಡೆದ ಆರ್ಡರುಗಳನ್ನು ನಷ್ಟವಾದರೂ ಹಳೆಯ ಬೆಲೆಗೇ ಮುಗಿಸಿ. ಮುಂಗಡವಿಲ್ಲದೆ ಹೊರಗಿರುವ ಕೊಟೇಶನ್‌ಗಳಿಗೆ ಫೋನ್ ಮಾಡಿ 15 ದಿನದ ಗಡುವು ತಿಳಿಸಿ, ಇನ್ನು ಮುಂದಿನ ಕೊಟೇಶನ್‌ಗಳಲ್ಲಿ ಆ ಗಡುವನ್ನು ಅಚ್ಚು ಹಾಕಿಸಿ. ಹೊಸ ಬೆಲೆಯಲ್ಲಿ ಮೊದಲ ಎರಡು ತಿಂಗಳು ಕೊಟೇಶನ್‌ಗಳಲ್ಲಿ ಎಷ್ಟು ಆರ್ಡರಾದವು ಎಂದು ಎಣಿಸಿ. ಆರ್ಡರುಗಳು ಕಾಲು ಭಾಗದವರೆಗೆ ಕಡಿಮೆಯಾದರೆ ಬೆಲೆ ಇಳಿಸಬೇಡಿ, ಏಳು ವಾರದ ಗಡುವು ಐದಕ್ಕೆ ಇಳಿಯುವುದನ್ನು ಗಿರಾಕಿಗೆ ಹೇಳಿ. ಅರ್ಧಕ್ಕೆ ಇಳಿದರೆ ಮೊದಲು ನೋಡಬೇಕಾದ್ದು ಎರಡನೆಯ ಸಾಲಿನ ಮಾಲು ಅಂಗಡಿಯ ಮುಂಭಾಗದಲ್ಲಿದೆಯೇ, ಹಿಂಜ್ ಬಿಚ್ಚಿ ತೋರಿಸುವ ಕೆಲಸ ಪ್ರತಿ ಗಿರಾಕಿಗೂ ನಡೆಯುತ್ತಿದೆಯೇ ಎಂಬುದನ್ನು.